ಮೂವತ್ತೆಂಟು ಗ್ರಾಂ ಸಿನಿಮಾ

ದುಡ್ಡಿಲ್ಲದೆ ಸಿನಿಮಾ ಮಾಡುವುದು ಹೇಗೆ ಎಂದು ಕೇಳಿಕೊಂಡು ವಾರಕ್ಕೆ ಇಬ್ಬರಾದರೂ ಹುಡುಗರು ನನ್ನ ಹತ್ತಿರ ಬರುತ್ತಾರೆ. ಈ ವಿಷಯದಲ್ಲಿ ನನಗಿರುವ ಅಧಿಕಾರವನ್ನು ಯಾರೂ ಪ್ರಶ್ನಿಸುವಂತಿಲ್ಲ. ನಾನು ಒಂದು ಸಿನಿಮಾ ಮಾಡಿದ್ದೇನೆ. ದುಡ್ಡು ಕೊಟ್ಟು ಅದನ್ನು ಯಾರೂ ನೋಡಿಲ್ಲ. ಹಾಗಾಗಿ ದುಡ್ಡು ವಾಪಸ್ ಕೊಡಿ ಎಂದು ಇಲ್ಲಿಯವರೆಗೆ ಯಾರೂ ಕೇಳಿಲ್ಲ. ಗಾಂಧಿನಗರದ ದೊಡ್ಡ ದೊಡ್ಡ ಬ್ಯಾನರುಗಳಿಗೂ ಇಂಥ ದಾಖಲೆ ಇಲ್ಲ.

ಬಂದವರನ್ನು ನಾನು ಕಥೆ ಕೇಳುವುದಿಲ್ಲ. ಕಥೆ ಎಲ್ಲರ ಹತ್ತಿರವೂ ಇರುತ್ತದೆ. ಬೆಂಗಳೂರಿನಲ್ಲಿ ಆಟೊ ಹತ್ತಿ ಗಾಂಧಿನಗರ ಎಂದು ನೋಡಿ, ಮೆಜೆಸ್ಟಿಕ್ ಬರುವಷ್ಟರಲ್ಲಿ ಡ್ರೈವರು ಎರಡು ಕಥೆ ಮುಗಿಸಿ ಮೂರನೆಯದನ್ನು ಇಂಟರ್‌ವಲ್‌ಗೆ ತಂದು ನಿಲ್ಲಿಸಿರುತ್ತಾನೆ. ಕ್ಯಾಮೆರಾ ಯಾವುದು ಎಂದೂ ಕೇಳುವುದಿಲ್ಲ. ನಾನು ಕೇಳುವುದು ಒಂದೇ ಮಾತು: “ಮದುವೆ ಆಗಿದೆಯೇನಪ್ಪ?” ಆಗಿದೆ ಎಂದರೆ ಇನ್ನೊಂದು: “ಮನೆಯವರ ಕೊರಳಲ್ಲಿ ಎಷ್ಟು ಗ್ರಾಂ ಇದೆ?”

ಕೆಲವರು ಮುಖ ಸಿಂಡರಿಸುತ್ತಾರೆ. ಸಿನಿಮಾದ ಇತಿಹಾಸ ಓದದವರು.

ದಾದಾಸಾಹೇಬ್ ಫಾಲ್ಕೆಯವರನ್ನೇ ತೆಗೆದುಕೊಳ್ಳಿ. ಲಂಡನ್ನಿಗೆ ಹೋಗಿ ಕ್ಯಾಮೆರಾ ತಂದರು. ಹಣ ಹಾಕುವವರನ್ನು ಒಲಿಸುವುದಕ್ಕೆ ಬಟಾಣಿ ಕಾಳು ಮೊಳೆತು ಗಿಡವಾಗುವುದನ್ನು ದಿನಾ ಒಂದಿಷ್ಟು ಒಂದಿಷ್ಟು ಚಿತ್ರಿಸಿ ತೋರಿಸಿದರು. ಬಟಾಣಿ ಮೊಳೆಯಿತು. ಆದರೂ ಹೆಂಡತಿ ಸರಸ್ವತಿಬಾಯಿಯವರ ಒಡವೆ ಉಳಿಯಲಿಲ್ಲ. 1913ರ ‘ರಾಜಾ ಹರಿಶ್ಚಂದ್ರ’ಕ್ಕೆ ಆ ತಾಯಿ ಒಡವೆ ಕೊಟ್ಟದ್ದಷ್ಟೇ ಅಲ್ಲ, ಇಡೀ ಯೂನಿಟ್ಟಿಗೆ ಅಡುಗೆ ಮಾಡಿ ಹಾಕಿದರು, ರಾತ್ರಿ ಕೂತು ಫಿಲ್ಮಿಗೆ ತೂತು ಹೊಡೆದರು, ಹಗಲು ಬಿಸಿಲಿನಲ್ಲಿ ಬಿಳಿ ಬೆಡ್‌ಶೀಟು ಹಿಡಿದು ನಿಂತು ರಿಫ್ಲೆಕ್ಟರ್ ಆದರು. ತಾರಾಮತಿಯ ಪಾತ್ರಕ್ಕೆ ಹೆಂಗಸರು ಯಾರೂ ಸಿಗದೆ ಹೋಟೆಲಿನಲ್ಲಿ ಅಡುಗೆಗಿದ್ದ ಸಾಳುಂಕೆ ಎಂಬಾತನಿಗೆ ಸೀರೆ ಉಡಿಸಿದರು. ಅಂದರೆ ನಮ್ಮ ಮೊದಲ ಕಥಾಚಿತ್ರದಲ್ಲಿ ಅಡುಗೆಯವನು ರಾಣಿಯಾದ, ಮನೆಯ ರಾಣಿ ಅಡುಗೆ ಮಾಡಿದರು. ಕಚೇರಿ ಭಾಷೆಯಲ್ಲಿ ಇದಕ್ಕೆ ಮಾನವ ಸಂಪನ್ಮೂಲ ನಿರ್ವಹಣೆ ಎನ್ನುತ್ತಾರೆ.

ಇನ್ನು ಸತ್ಯಜಿತ್ ರಾಯ್. ಕಲ್ಕತ್ತೆಯ ಜಾಹೀರಾತು ಕಂಪನಿಯಲ್ಲಿ ಕೆಲಸಕ್ಕಿದ್ದ ಅವರು ‘ಪಥೇರ್ ಪಾಂಚಾಲಿ’ಗೆಂದು ವಿಮಾ ಪಾಲಿಸಿಗೆ ಕೈಹಾಕಿದರು, ಗ್ರಾಮಫೋನ್ ಪ್ಲೇಟು ಮಾರಿದರು, ಕೊನೆಗೆ ಎಲ್ಲರೂ ಬರುವಲ್ಲಿಗೇ ಬಂದು ಹೆಂಡತಿ ಬಿಜೊಯಾ ಅವರ ಒಡವೆ ಅಡವಿಟ್ಟರು. 1952ರ ಅಕ್ಟೋಬರ್ 27ರಂದು ಬಿಳಿ ಕಾಶ್ ಹೂವಿನ ಬಯಲಿನಲ್ಲಿ ಚಿತ್ರೀಕರಣ ಶುರುವಾಯಿತು. ಮುಂದಿನ ವಾರ ಹೋಗಿ ನೋಡಿದರೆ ದನಗಳು ಅಷ್ಟೂ ಲೊಕೇಶನ್ನನ್ನು ಮೇಯ್ದು ಮುಗಿಸಿದ್ದವು. ಅದೇ ಹೂವಿಗಾಗಿ ಮರುವರ್ಷದ ತನಕ ಕಾಯಬೇಕಾಯಿತು. ದುಡ್ಡಿಲ್ಲದೆ ನಿಂತು, ದುಡ್ಡು ಬಂದಾಗ ಹೊರಟು, ಮತ್ತೆ ನಿಂತು, ವರ್ಷಗಟ್ಟಲೆ ತೆವಳಿದ ಆ ಕೆಲಸದ ಉದ್ದಕ್ಕೂ ಅಪುವಿನ ದನಿ ಒಡೆಯಲಿಲ್ಲ, ದುರ್ಗಾ ಬೆಳೆದು ದೊಡ್ಡವಳಾಗಲಿಲ್ಲ, ಎಂಬತ್ತರ ಆಸುಪಾಸಿನ ಚುನಿಬಾಲಾ ದೇವಿ ಸಾಯಲಿಲ್ಲ. ರಾಯ್ ಇದನ್ನು ಪವಾಡ ಎಂದರು. ನಾನು ಶೆಡ್ಯೂಲಿಂಗ್ ಎನ್ನುತ್ತೇನೆ. ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರವೇ ದುಡ್ಡು ಕೊಟ್ಟು, ಅದನ್ನು ರಸ್ತೆ ಅಭಿವೃದ್ಧಿಯ ಲೆಕ್ಕದಲ್ಲಿ ಬರೆದುಕೊಂಡಿತು. ಚಿತ್ರದ ಹೆಸರಿನಲ್ಲಿ ‘ಪಥ’ ಇತ್ತಲ್ಲ.

ಇದನ್ನು ಓದಿದ ದಿನವೇ ನನ್ನ ಚಿತ್ರಕ್ಕೆ ‘ಹಾದಿ’ ಎಂದು ಹೆಸರಿಟ್ಟು, ನಾಗಮಂಗಲದ ಕಡೆಯ ಮಾವನ ಊರಿನ ಪಂಚಾಯ್ತಿಗೆ ಅರ್ಜಿ ಹಾಕಿದೆ. ಮೂರು ತಿಂಗಳಿಗೆ ಮಂಜೂರಾಯಿತು. ಒಂದು ಲೋಡು ನಲವತ್ತು ಎಂಎಂ ಜಲ್ಲಿ. ಟ್ರ್ಯಾಕ್ಟರಿನವನು ಬೆಳಿಗ್ಗೆ ಆರಕ್ಕೇ ಮಾವನ ಮನೆ ಮುಂದೆ ಸುರಿದು ಸಹಿ ಹಾಕಿಸಿಕೊಂಡು ಹೋದ. ನಮ್ಮ ಚಿತ್ರದ ನಾಲ್ಕು ಮುಖ್ಯ ದೃಶ್ಯಗಳ ಹಿಂದೆ ಜಲ್ಲಿ ರಾಶಿ ಕಾಣಿಸುವುದು ಅದಕ್ಕೇ. ಸಾಂಕೇತಿಕ.

ಹೆಸರನ್ನು ಆಮೇಲೆ ಬದಲಾಯಿಸಿದೆ. ಅದರ ಹಿಂದೆ ಒಂದು ಸಂಶೋಧನೆ ಇದೆ, ಅದು ನನ್ನ ಸ್ವಂತದ್ದು. 1970ರಲ್ಲಿ ‘ಸಂಸ್ಕಾರ’: ಮೊದಲು ಸೆನ್ಸಾರ್‌ನವರು ಆಗುವುದಿಲ್ಲ ಎಂದರು, ಆಮೇಲೆ ದೇಶದ ಅತ್ಯುತ್ತಮ ಚಿತ್ರವೆಂದು ಚಿನ್ನದ ಪದಕ. 1977ರಲ್ಲಿ ‘ಘಟಶ್ರಾದ್ಧ’: ಸ್ವರ್ಣಕಮಲ. 2015ರಲ್ಲಿ ‘ತಿಥಿ’: ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಚಿನ್ನದ ಚಿರತೆ. ಈ ಮೂರು ಹೆಸರನ್ನು ಸಾಲಾಗಿ ಓದಿ ನೋಡಿ. ಪುರೋಹಿತರು ಕೊಡುವ ಸಾಮಾನು ಪಟ್ಟಿಯ ಹಾಗೆ ಕಾಣುತ್ತದೆ. ಕನ್ನಡದಲ್ಲಿ ಉತ್ತರಕ್ರಿಯೆ ಮಾಡಿದರೆ ಚಿನ್ನ ಸಿಗುತ್ತದೆ, ಇದು ನಿರ್ವಿವಾದ. ಹೆಣಕ್ಕೆ ಡೈಲಾಗ್ ಬೇಡ, ಡಬ್ಬಿಂಗ್ ಬೇಡ, ಕಂಟಿನ್ಯುಟಿ ತಪ್ಪುವುದಿಲ್ಲ, ಕಾಲ್‌ಶೀಟ್ ಮುಗಿಯಿತೆಂದು ಎದ್ದು ಹೋಗುವುದಿಲ್ಲ. ಉತ್ತರಕ್ರಿಯೆಯ ಪಟ್ಟಿಯಲ್ಲಿ ಇನ್ನೂ ಯಾರೂ ಮುಟ್ಟದ ಹೆಸರು ಯಾವುದಿದೆ ಎಂದು ಹುಡುಕಿ, ಮೂರನೇ ದಿನದ ಶಾಸ್ತ್ರವನ್ನು ಆರಿಸಿಕೊಂಡೆ. ‘ಹಾಲು ತುಪ್ಪ.’ ಕೆಲವರು ಅಡುಗೆ ಕಾರ್ಯಕ್ರಮ ಎಂದುಕೊಂಡು ಫೋನ್ ಮಾಡಿದರು. ಪ್ರಚಾರ ಪ್ರಚಾರವೇ.

ಹೆಸರಾಯಿತು, ಬಂಡವಾಳ. ನನ್ನ ಹೆಂಡತಿಗೆ ತವರಿನವರು ಹಾಕಿದ ಗುಂಡಿನ ಸರವಿತ್ತು. ಮೂವತ್ತೆಂಟು ಗ್ರಾಂ. ಅದನ್ನು ಒಂದು ಕರ್ಚೀಫಿನಲ್ಲಿ ಕಟ್ಟಿಕೊಂಡು ಇಬ್ಬರೂ ಅಡವಿನ ಅಂಗಡಿಗೆ ಹೋದೆವು. ಕೌಂಟರಿನ ಹುಡುಗ ಸರವನ್ನು ಒರೆಗಲ್ಲಿಗೆ ಎರಡು ಸಲ ಉಜ್ಜಿದ, ಆಸಿಡ್ ಹನಿಸಿದ, ತಲೆಯಾಡಿಸಿದ. ತಕ್ಕಡಿಯಲ್ಲಿಟ್ಟ. 38.0 ಎಂದು ಕೆಂಪಗೆ ಬಂತು. ನನ್ನ ಹೆಂಡತಿ ನನ್ನ ಕಡೆ ನೋಡಿದಳು, ನಾನೇ ತಯಾರಿಸಿದ ಅಂಕಿಯೇನೋ ಅನ್ನುವ ಹಾಗೆ. ಹುಡುಗ ಒಂದು ಗುಂಡನ್ನು ಉಗುರಿನಿಂದ ತಟ್ಟಿ ಕಿವಿಗೆ ಹಿಡಿದು, “ಒಳಗಡೆ ಅರಗಿದೆ ಸಾರ್” ಎಂದ. ಎಲ್ಲ ಗುಂಡಿನ ಸರದಲ್ಲೂ ಇರುತ್ತದೆ. ಟೊಳ್ಳು ಗುಂಡು ನಜ್ಜಾಗದಿರಲಿ ಎಂದು ಅಕ್ಕಸಾಲಿ ತುಂಬುವುದು. ಅದಕ್ಕೆಂದು ಮೂರೂವರೆ ಗ್ರಾಂ ಕಳೆದು 34.5 ಎಂದು ಬರೆದುಕೊಂಡ. ಅಂದಿನ ದರ ಗ್ರಾಂಗೆ 4,800 ರೂಪಾಯಿ. ರಿಸರ್ವ್ ಬ್ಯಾಂಕಿನ ಆಗಿನ ನಿಯಮದಂತೆ ಚಿನ್ನದ ಬೆಲೆಯಲ್ಲಿ ಶೇ 75ರವರೆಗೆ ಸಾಲ. ಹೆಂಡತಿಯ ಸರದಲ್ಲಿ ಎಷ್ಟು ಪಾಲು ಕಲೆಗೆ ಹೋಗಬಹುದು ಎಂದು ಲಿಖಿತವಾಗಿ ಗೊತ್ತುಮಾಡಿದ ಸಂಸ್ಥೆ ನನಗೆ ತಿಳಿದಂತೆ ಅದೊಂದೇ. ಒಂದು ಲಕ್ಷ ಇಪ್ಪತ್ತನಾಲ್ಕು ಸಾವಿರ ಚಿಲ್ಲರೆ ಕೈಗೆ ಬಂತು. ಅರಗು ಕಳೆಯದಿದ್ದರೆ ಇನ್ನೊಂದು 12,600 ಬರುತ್ತಿತ್ತು. ಅದು ಬಾಡಿಗೆ ಕ್ಯಾಮೆರಾದ ಎರಡು ದಿನದ ದುಡ್ಡು. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮದುವೆಯಾಗದವರು ನಿರಾಶರಾಗಬೇಕಿಲ್ಲ, ಜನರಿಂದ ಹಣ ಎತ್ತುವ ದಾರಿಯೂ ಇದೆ. ‘ಲೂಸಿಯಾ’ ಚಿತ್ರಕ್ಕೆ ಪವನ್ ಕುಮಾರ್ 27 ದಿನಗಳಲ್ಲಿ 110 ಮಂದಿಯಿಂದ ಸುಮಾರು 50 ಲಕ್ಷ ರೂಪಾಯಿ ಎತ್ತಿದರು. ನಾನು ಅದೇ ಸಂಖ್ಯೆಯನ್ನು ಗುರಿಯಾಗಿಟ್ಟುಕೊಂಡು 110 ಮಂದಿ ನೆಂಟರಿಗೆ ಮೆಸೇಜ್ ಕಳಿಸಿದೆ. ಏಳು ಜನ ಕೊಟ್ಟರು, ನಲವತ್ತು ಜನ ಗ್ರೂಪಿನಿಂದ ಹೊರಹೋದರು. ಸೋದರಮಾವ ಐದು ಸಾವಿರ ಕೊಟ್ಟು ಇನ್‌ಸ್ಪೆಕ್ಟರ್ ಪಾತ್ರ ಕೇಳಿದ. ಕಥೆಯಲ್ಲಿ ಪೊಲೀಸರಿರಲಿಲ್ಲ. ಈಗ ಇದ್ದಾರೆ.

ವಿದೇಶಿ ಪದ್ಧತಿಗಳನ್ನೂ ನಾನು ಆಳವಾಗಿ ಅಭ್ಯಾಸ ಮಾಡಿದ್ದೇನೆ. ಉಗಾಂಡದ ಕಂಪಾಲಾದಲ್ಲಿ ವಕಲಿಗ ಎಂಬ ಕೊಳೆಗೇರಿಯಿದೆ. ಅಲ್ಲಿ ಐಸಾಕ್ ನಬ್ವಾನಾ ಎಂಬಾತ ಗುಜರಿ ಕಬ್ಬಿಣದಲ್ಲಿ ಮೆಷಿನ್‌ಗನ್ ಮಾಡಿಸಿ, ಹೆಲಿಕಾಪ್ಟರನ್ನು ಮನೆಯ ಕಂಪ್ಯೂಟರಿನಲ್ಲೇ ಹಾರಿಸಿ, 2010ರಲ್ಲಿ ‘ಹೂ ಕಿಲ್ಡ್ ಕ್ಯಾಪ್ಟನ್ ಅಲೆಕ್ಸ್’ ಎಂಬ ಹೊಡೆದಾಟದ ಚಿತ್ರ ತೆಗೆದ. ಖರ್ಚು 200 ಡಾಲರಿನೊಳಗೆ ಎನ್ನುತ್ತಾರೆ. ಆಗಿನ ಚಿನ್ನದ ಬೆಲೆಗೆ ಹಾಕಿದರೆ ಹೆಚ್ಚುಕಡಿಮೆ ಐದು ಗ್ರಾಂ, ಒಂದು ಜೊತೆ ಓಲೆ. ಓಲೆಯಲ್ಲಿ ಅವನು ಊರಿಗೆ ಊರೇ ಸ್ಫೋಟಿಸಿದ್ದಾನೆ. ಸರವಿದ್ದೂ ನಮ್ಮಲ್ಲಿ ಒಂದು ಪಟಾಕಿ ಹಾರಿಲ್ಲ. ಇದನ್ನು ಸಂಯಮ ಎಂದು ಓದಬೇಕು.

ಮಹಾರಾಷ್ಟ್ರದ ಮಾಲೆಗಾಂವ್ ಇನ್ನೂ ಹತ್ತಿರ. ಮಗ್ಗದ ಊರು. ನಾಸಿರ್ ಶೇಖ್ ಮತ್ತು ಗೆಳೆಯರು ‘ಶೋಲೆ’ಯನ್ನು ತಮ್ಮದೇ ಧಾಟಿಯಲ್ಲಿ ಮರಳಿ ತೆಗೆದಾಗ ಡಕಾಯಿತರು ಕುದುರೆಯ ಬದಲು ಸೈಕಲ್ಲಿನಲ್ಲಿ ಬಂದರು. ಎತ್ತಿನ ಗಾಡಿಗೆ ಕ್ಯಾಮೆರಾ ಏರಿಸಿ ನೊಗ ಎತ್ತಿ ಇಳಿಸಿದರೆ ಕ್ರೇನ್ ಶಾಟ್. ಇದನ್ನು ಕೇಳಿ ನಾನು ಮಾವನ ಊರಿಗೆ ಹೋಗಿ ಎತ್ತಿನ ಗಾಡಿ ಹುಡುಕಿದೆ. ಇಡೀ ಹೋಬಳಿಯಲ್ಲಿ ಸಿಗಲಿಲ್ಲ. ಈಗ ಮಂಡ್ಯದ ಕಡೆ ಎತ್ತಿನ ಗಾಡಿ ಬೇಕೆಂದರೆ ಸಿನಿಮಾದವರಿಂದಲೇ ಬಾಡಿಗೆಗೆ ತರಬೇಕು. ಜೆಸಿಬಿ ಮಾತ್ರ ಮೂರಿದ್ದವು. ಗಂಟೆ ಲೆಕ್ಕದಲ್ಲಿ ಒಂದನ್ನು ತಂದು, ಬಕೆಟ್ಟಿನಲ್ಲಿ ಕ್ಯಾಮೆರಾಮನ್‌ನನ್ನು ಕೂರಿಸಿ, ಮಾವನ ಮನೆಯ ಹೆಂಚಿನ ಮೇಲಿಂದ ನಿಧಾನವಾಗಿ ಇಳಿಸಿದೆವು. ಅದ್ಭುತ ಶಾಟ್. ಕೊನೆಯಲ್ಲಿ ಆಪರೇಟರು ಅಭ್ಯಾಸಬಲದಿಂದ ಬಕೆಟ್ ಮಗುಚಿದ. ಕ್ಯಾಮೆರಾಮನ್ ಜಲ್ಲಿ ರಾಶಿಯ ಮೇಲೆ ಬಿದ್ದು ಬದುಕಿಕೊಂಡ. ಪಂಚಾಯ್ತಿಯ ಅನುದಾನ ವ್ಯರ್ಥವಾಯಿತು ಎಂದು ಇನ್ನು ಯಾರೂ ಹೇಳುವಂತಿಲ್ಲ.

ಕ್ಯಾಮೆರಾದ ಜೊತೆಗೆ ಒಬ್ಬ ಅಟೆಂಡರ್ ಬರುತ್ತಾನೆ ಎಂಬುದನ್ನು ಹೊಸಬರು ಮರೆಯುತ್ತಾರೆ. ಬೇಡ ಎಂದರೂ ಬರುತ್ತಾನೆ. ಬಾಡಿಗೆ ಕೊಡುವವರು ಕಳಿಸುತ್ತಾರೆ. ಅವನಿಗೆ ಬಾಟಾ, ಊಟ, ಬಸ್ ಚಾರ್ಜು. ನಮ್ಮವನು ಹನ್ನೊಂದು ದಿನವೂ ಕ್ಯಾಮೆರಾವನ್ನು ನೋಡುತ್ತ ಕೂತಿದ್ದ. ಅಷ್ಟು ಏಕಾಗ್ರತೆಯಿಂದ ನನ್ನ ಕೆಲಸವನ್ನು ನೋಡಿದ ಮನುಷ್ಯ ಮತ್ತೊಬ್ಬನಿಲ್ಲ.

ಹೆಣದ ಪಾತ್ರಕ್ಕೆ ಮಾತ್ರ ಊರಿನಲ್ಲಿ ಯಾರೂ ಒಪ್ಪಲಿಲ್ಲ. ‘ತಿಥಿ’ ಬಂದಾಗಿನಿಂದ ಮಂಡ್ಯ ಜಿಲ್ಲೆಯ ಹಿರಿಯರಿಗೆ ತಮ್ಮ ಗಡ್ಡದ ಬೆಲೆ ಗೊತ್ತಾಗಿದೆ. ನೊದೆಕೊಪ್ಪಲಿನಲ್ಲಿ, ಎಂದೂ ಕ್ಯಾಮೆರಾ ಮುಂದೆ ನಿಲ್ಲದ ಹಳ್ಳಿಯವರನ್ನೇ ಹಾಕಿ ತೆಗೆದ ಚಿತ್ರ ಅದು. ನೊದೆಕೊಪ್ಪಲಿನ ಅಜ್ಜಂದಿರಿಗೆ ಆಗಿದ್ದು ನಮಗೆ ಯಾಕಾಗಬಾರದು ಎಂದು ಎಲ್ಲರೂ ನಡೆದಾಡುವ, ಬೈಯುವ, ಬ್ರಾಂದಿ ಕುಡಿಯುವ ಪಾತ್ರವನ್ನೇ ಕೇಳಿದರು. ಕೊನೆಗೆ ಮಾವ ಒಪ್ಪಿದರು. ಮಲಗಿರುವ ಕೆಲಸ ಎಂದದ್ದು ಅವರಿಗೆ ಹಿಡಿಸಿತು.

ಅತ್ತೆ ಬಾಗಿಲಿಗೆ ಅಡ್ಡ ನಿಂತರು. “ಮುತ್ತೈದೆ ನಾನು ಕಣ್ಮುಂದೆ ಇರುವಾಗ್ಲೇ ಇವ್ರನ್ನ ಚಟ್ಟದ್ ಮ್ಯಾಲೆ ಮಲಗಿಸ್ತೀರಾ? ಏನ್ ಅಳಿಯಂದ್ರೋ ನೀವು!” ಅರ್ಧ ದಿನ ಹೋಯಿತು. ಊರ ದೇವಿಗೆ ಒಂದು ಪೂಜೆ, ಮಾವನ ಕೈಗೆ ಒಂದು ದಾರ, ಚಟ್ಟದ ಬದಲು ಚಾಪೆ, ಹಣೆಗೆ ನಾಣ್ಯ ಬೇಡ ಎಂದು ರಾಜಿಯಾಯಿತು. ಸೌಂಡ್ ರೆಕಾರ್ಡಿಸ್ಟ್ ಸೈಲೆನ್ಸ್ ಎಂದು ಕೂಗಿದ. ಥರ್ಮಾಕೋಲ್ ಶೀಟನ್ನು ಹಿಡಿದು ನನ್ನ ಹೆಂಡತಿ ಕಿಟಕಿಯ ಹೊರಗೆ ಬಿಸಿಲಿನಲ್ಲಿ ನಿಂತಿದ್ದಳು. ಅಪ್ಪನ ಮುಖದ ಮೇಲೆ ಬೆಳಕು ಬೀಳಿಸುವುದಕ್ಕೆ. ಅವಳ ಕೊರಳಲ್ಲಿ ಕರಿಮಣಿ ಮಾತ್ರ ಇದ್ದುದರಿಂದ ಹೊಳಪು ಪ್ರತಿಫಲಿಸಿ ಶಾಟ್ ಕೆಡುವ ಭಯ ಇರಲಿಲ್ಲ; ಇದು ಗ್ರಾಂ ಪದ್ಧತಿಯ ಇನ್ನೊಂದು ಅನುಕೂಲ. ಎರಡನೇ ನಿಮಿಷಕ್ಕೆ ಹೆಣ ಗೊರಕೆ ಹೊಡೆಯಿತು. ಎಬ್ಬಿಸಿದೆವು. ಮತ್ತೆ ಟೇಕ್. ಈ ಸಲ ಗೊರಕೆ ಇಲ್ಲ, ಹೊಟ್ಟೆ ಮಾತ್ರ ಏರಿಳಿಯುತ್ತಿತ್ತು. ಮೂರನೆಯದಕ್ಕೆ, ಸೊಸೆಯ ಪಾತ್ರದವಳು ಬಿಕ್ಕುವ ಹೊತ್ತಿಗೆ ಸರಿಯಾಗಿ, ಒಂದು ಕೆಂಚು ಕೋಳಿ ಒಳಗೆ ಬಂದು ಹೆಣದ ಎದೆ ಹತ್ತಿ ಅಕ್ಕಿ ಕಾಳು ಕುಕ್ಕಿತು.

ಕೋಳಿಯನ್ನು ಕತ್ತರಿಸೋಣ ಎಂದ ಎಡಿಟರ್. ಆ ಪದವನ್ನೇ ಬಳಸಬಾರದು ಎಂದು ಎಚ್ಚರಿಸಿದೆ. ತೆರೆಯ ಮೇಲೆ ಪ್ರಾಣಿ ನಟಿಸಿದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು. ಮಂಡಳಿ ಇರುವುದು ಹರಿಯಾಣದ ಬಲ್ಲಭಗಢದಲ್ಲಿ. ನಾಗಮಂಗಲದ ಕೋಳಿಗೆ ಹರಿಯಾಣದ ಕಾಗದ. ಸುಮ್ಮನೆ ಅಡ್ಡ ಬಂದದ್ದು ನಟನೆಯೋ ಅಲ್ಲವೋ ಎಂಬುದು ಸೂಕ್ಷ್ಮವಾದ ಪ್ರಶ್ನೆ. ನಮ್ಮ ಚಿತ್ರದ ಹಲವು ಕಲಾವಿದರ ಬಗ್ಗೆಯೂ ಇದೇ ಪ್ರಶ್ನೆ ಏಳುತ್ತದೆ. ಕೊನೆಗೆ ಕೋಳಿಯ ಚಿತ್ರ ತೆಗೆದುಹಾಕಿ ದನಿ ಉಳಿಸಿಕೊಂಡೆವು. ಮಾವ ಬಿಡುವಿನಲ್ಲಿ ಬೀಡಿ ಸೇದಿದ್ದು ಒಂದು ಶಾಟಿನ ಮೂಲೆಯಲ್ಲಿ ಸಿಕ್ಕಿಬಿದ್ದಿತ್ತು, ಆದ್ದರಿಂದ ತಂಬಾಕಿನ ಎಚ್ಚರಿಕೆಯ ಸರ್ಕಾರಿ ತುಣುಕನ್ನು ಶುರುವಿನಲ್ಲೂ ನಡುವೆಯೂ ಸೇರಿಸಬೇಕಾಯಿತು. ಇಡೀ ಚಿತ್ರದಲ್ಲಿ ಫೋಕಸ್ ಸರಿಯಾಗಿರುವುದು ಅಲ್ಲಿ ಮಾತ್ರ.

ಹನ್ನೊಂದನೇ ದಿನ ಸಂಜೆ ದುಡ್ಡು ಮುಗಿಯಿತು. ಬಾಕಿ ಇದ್ದದ್ದು ಮೂರನೇ ದಿನದ ಶಾಸ್ತ್ರದ ದೃಶ್ಯ, ಎರಡು ದಿನದ ಕೆಲಸ. ಅಂದರೆ ಸರಿಯಾಗಿ ಮೂರೂವರೆ ಗ್ರಾಂ. ಗಾಂಧಿನಗರದ ಸಂಪ್ರದಾಯದಲ್ಲಿ ಚಿತ್ರೀಕರಣ ಮುಗಿದರೆ ಕುಂಬಳಕಾಯಿ ಒಡೆಯುತ್ತಾರೆ. ನಾವು ಕುಂಬಳಕಾಯಿ ಒಡೆದೆವು, ಆದ್ದರಿಂದ ಚಿತ್ರೀಕರಣ ಮುಗಿಯಿತು. ‘ಹಾಲು ತುಪ್ಪ’ದಲ್ಲಿ ಹಾಲೂ ಇಲ್ಲ, ತುಪ್ಪವೂ ಇಲ್ಲ.

ಸಬ್ಸಿಡಿ ಬರುವುದಿಲ್ಲವೇ ಎಂದು ಕೇಳುತ್ತೀರಿ. ನೆಂಟರೂ ಅದನ್ನೇ ನಂಬಿದ್ದರು. ರಾಜ್ಯ ಸರ್ಕಾರ ಆಯ್ದ ಚಿತ್ರಗಳಿಗೆ ಲಕ್ಷಗಳ ಲೆಕ್ಕದಲ್ಲಿ ಸಹಾಯಧನ ಕೊಡುವುದು ನಿಜ, ಆದರೆ ಚಿತ್ರ ಮುಗಿಸಿ ಸೆನ್ಸಾರ್ ಮಾಡಿಸಿದ ಮೇಲೆ. ಊಟ ಮುಗಿಸಿ ಕೈ ತೊಳೆದು ಬಂದವನಿಗೆ ಹಸಿವಿನ ಪರಿಹಾರ. ನಮ್ಮ ಅರ್ಜಿ ಯಾವುದೋ ಮೇಜಿನ ಮೇಲಿದೆ. ಅದರ ಬಗ್ಗೆ ನನಗೆ ದೂರಿಲ್ಲ. ನಮ್ಮ ಚಿತ್ರಕ್ಕಿಂತ ಹೆಚ್ಚು ಮೇಜುಗಳಲ್ಲಿ ಅದು ಪ್ರದರ್ಶನ ಕಂಡಿದೆ.

ಥಿಯೇಟರ್ ವಿಚಾರ ಬೇಗ ಮುಗಿಸುತ್ತೇನೆ. ಒಂದು ಮಲ್ಟಿಪ್ಲೆಕ್ಸಿನಲ್ಲಿ ಬೆಳಿಗ್ಗೆ ಹತ್ತರ ಆಟ ಸಿಕ್ಕಿತು. ಐದು ಜನ ಇಲ್ಲದಿದ್ದರೆ ಹಾಕುವುದಿಲ್ಲ ಎಂದರು. ನಾನು, ಹೆಂಡತಿ, ಮಾವ, ಅತ್ತೆ, ನಾಲ್ಕಾಯಿತು. ಐದನೆಯವನಾಗಿ ಸೋದರಮಾವ ಬರಬೇಕಿತ್ತು. ಇನ್‌ಸ್ಪೆಕ್ಟರ್ ಯೂನಿಫಾರ್ಮಿನಲ್ಲೇ ಬರುತ್ತಿದ್ದವನನ್ನು ಸಿಲ್ಕ್ ಬೋರ್ಡ್ ಹತ್ತಿರ ನಿಜವಾದ ಪೊಲೀಸರು ನಿಲ್ಲಿಸಿಕೊಂಡರು. ಆಟ ರದ್ದಾಯಿತು.

ಆದರೆ ದೂರದ ಊರಿನ ಒಂದು ಚಿತ್ರೋತ್ಸವ ನಮ್ಮನ್ನು ಕರೆಯಿತು. ಸ್ಪರ್ಧೆಗಲ್ಲ, ಹಾಗೆ ಸುಮ್ಮನೆ. ಇಪ್ಪತ್ತೆರಡು ಜನ ಇದ್ದರು, ಹೊರಗೆ ಮಳೆಯೂ ಇತ್ತು. ಆಟವಾದ ಮೇಲೆ ಸಂವಾದ. ಸೌಂಡ್ ರೆಕಾರ್ಡಿಸ್ಟ್ ನಾಲ್ಕನೇ ದಿನ ಬೇರೆ ಯೂನಿಟ್ಟಿಗೆ ಹೋದ ಮೇಲಿನ ಭಾಗವನ್ನು ಒಬ್ಬರು ‘ದಟ್ಟ ಮೌನ’ ಎಂದರು. ಟ್ರೈಪಾಡಿನ ಒಂದು ಕಾಲು ಮುರಿದದ್ದನ್ನು ಇನ್ನೊಬ್ಬರು ‘ಅಸ್ಥಿರ ಕಾಲದ ಕಣ್ಣು’ ಎಂದರು. ಉಸಿರಾಡುವ ಹೆಣ, ಕಾಣಿಸದ ಕೋಳಿ, ಜಲ್ಲಿ ರಾಶಿ ಎಲ್ಲಕ್ಕೂ ಹೆಸರಿತ್ತು. ನಾನು ಒಪ್ಪಿಕೊಳ್ಳುತ್ತ ಹೋದೆ. ಕೊನೆಗೆ ಬಿಳಿಗಡ್ಡದ ವಿಮರ್ಶಕರೊಬ್ಬರು ಎದ್ದು, ಈ ಮುಕ್ತ ಅಂತ್ಯದ ಹಿಂದಿನ ಪ್ರೇರಣೆ ಏನು ಎಂದು ಕೇಳಿದರು. ಬಿಸಿಲಿನಲ್ಲಿ ಓಡಾಡಿ ದಣಿದಿದ್ದ ಹನ್ನೊಂದು ದಿನಗಳು ಒಮ್ಮೆಗೇ ನೆನಪಾಗಿ, “ಅರಗು” ಎಂದುಬಿಟ್ಟೆ. ಅವರು ತುಂಬ ಹೊತ್ತು ಮಾತಾಡಲಿಲ್ಲ. ಮರುದಿನ ಅಲ್ಲಿನ ಪತ್ರಿಕೆಯಲ್ಲಿ, ಗ್ರಾಮಭಾರತವನ್ನು ಮಹಾಭಾರತದ ಅರಗಿನ ಮನೆಯಾಗಿ ಕಂಡ ಚಿತ್ರ ಎಂದು ಬರೆದರು.

ಆ ಪತ್ರಿಕೆಯ ಚೂರನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದೆ. ಹೆಂಡತಿ ಓದಿದಳು. ಅವಳ ಕೈಯಲ್ಲೂ ಒಂದು ಕಾಗದವಿತ್ತು, ಅಡವಿನ ಅಂಗಡಿಯಿಂದ ಬಂದದ್ದು, ಹರಾಜಿನ ದಿನಾಂಕ ಹಾಕಿ. ಅದನ್ನೂ ಇದನ್ನೂ ಅಕ್ಕಪಕ್ಕ ಇಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದಳು.

“ರೀ, ಮೂವತ್ನಾಲ್ಕೂವರೆ ಗ್ರಾಂಗೆ ತಾನೇ ಅವರು ಸಾಲ ಕೊಟ್ಟಿದ್ದು?”

“ಹೌದು.”

“ಹಂಗಾದ್ರೆ ಹರಾಜು ಹಾಕೋದೂ ಅಷ್ಟೇ. ಆ ಅರಗು ಅವರು ಲೆಕ್ಕಕ್ಕೇ ಹಿಡೀಲಿಲ್ಲವಲ್ಲ. ಅದು ನಮ್ದೇ ಅಲ್ವಾ?”

ತಾಂತ್ರಿಕವಾಗಿ ಅವಳ ವಾದ ಸರಿ. ಅಂಗಡಿಯವರಿಗೆ ಬರೆದು ಕೇಳಿದ್ದೇನೆ. ಸಿಕ್ಕರೆ ಒಂದು ಕಿರುಚಿತ್ರಕ್ಕೆ ಸಾಕು.